ಇಪ್ಪತ್ನಾಲ್ಕು ಪುಟ, ಎಂಬತ್ತು ಲಕ್ಷ

ನಾನು ಈವರೆಗೆ ಓದಿದ ಅತ್ಯಂತ ದುಬಾರಿ ಪುಸ್ತಕ ನನಗೆ ಪುಕ್ಕಟೆ ಸಿಕ್ಕಿದ್ದು. ಇಪ್ಪತ್ನಾಲ್ಕು ಪುಟ, ನುಣುಪಾದ ದಪ್ಪ ಕಾಗದ, ರಟ್ಟಿನ ಮೇಲೆ ಬಂಗಾರದ ಬಣ್ಣದ ಅಕ್ಷರ. ಲೇಖಕರ ಹೆಸರಿಲ್ಲ. ವೈಟ್‌ಫೀಲ್ಡ್ ದಾಟಿ ಇನ್ನೂ ಮುಂದಕ್ಕೆ ಹೋದರೆ ಸಿಗುವ ಒಂದು ಅಪಾರ್ಟ್‌ಮೆಂಟಿನ ಬ್ರೋಷರ್ ಅದು. ಓದಿ ನಂಬಿದವರು ಕೊಡಬೇಕಾದ ಬೆಲೆ ಎಂಬತ್ತು ಲಕ್ಷ.

ಪುಸ್ತಕ ವಿಮರ್ಶೆ ಮಾಡೋಕೆ ನನಗೆ ಅಂಥ ಅರ್ಹತೆ ಏನಿಲ್ಲ. ಓದಿದ್ದು ಬಿಇ, ಮಾಡೋದು ಸಾಫ್ಟ್‌ವೇರ್ ಕೆಲಸ. ದಿನಾ ಬೇರೆಯವರು ಬರೆದ ಕೋಡ್ ರಿವ್ಯೂ ಮಾಡ್ತೀನಿ. ಅಲ್ಲಿ ಕಲಿತದ್ದು ಒಂದೇ: ಬರೆದ ಸಾಲನ್ನ ಓದೋದು ಸುಲಭ, ಬರೆಯದೆ ಬಿಟ್ಟ ಸಾಲನ್ನ ಹುಡುಕೋದೇ ರಿವ್ಯೂ. ಈ ಬ್ರೋಷರನ್ನೂ ಹಾಗೇ ಓದಿದೆ. ಓದಲೇಬೇಕಿತ್ತು, ಯಾಕಂದ್ರೆ ಅದರ ಬಾಲಕ್ಕೆ ನಮ್ಮ ಒಂದು ಎಕರೆ ಹೊಲ ಕಟ್ಟಿಹಾಕಿತ್ತು.

ನಮ್ಮೂರು ನ್ಯಾಮತಿ ಹತ್ತಿರದ ಹಳ್ಳಿ. ನಾನು ಹುಟ್ಟಿದಾಗ ನಾವು ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕಿನವರು. 1997ರಲ್ಲಿ ದಾವಣಗೆರೆ ಜಿಲ್ಲೆಯಾಯ್ತು, ಆಮೇಲೆ ನ್ಯಾಮತಿಯೇ ತಾಲ್ಲೂಕಾಯ್ತು. ವಿಳಾಸ ಬದಲಾಯ್ತೇ ಹೊರತು ಹೊಲ ಇದ್ದಲ್ಲೇ ಇದೆ. ಒಂದಿಷ್ಟು ಅಡಿಕೆ, ರಸ್ತೆ ಪಕ್ಕ ಎರಡು ಎಕರೆ ಖುಷ್ಕಿ. ಖುಷ್ಕಿಯಲ್ಲಿ ಮೆಕ್ಕೆಜೋಳ. ರಸ್ತೆ ಪಕ್ಕ ಇರೋದ್ರಿಂದ ಎಕರೆಗೆ ಮೂವತ್ತು ಲಕ್ಷ ಕೊಡ್ತೀನಿ ಅಂತ ಒಬ್ಬರು ಬಂದು ಕೇಳಿದ್ದರು. ಅಪ್ಪ ಫೋನ್ ಮಾಡಿ, "ನಿನಗೆ ಬೆಂಗಳೂರಾಗೆ ಒಂದು ಮನೆ ಆಗೋದಾದ್ರೆ ಒಂದು ಎಕರೆ ಕೊಟ್ಟುಬಿಡಾನ. ಎಷ್ಟು ವರ್ಷ ಅಂತ ಬಾಡಿಗೆ ಕಟ್ತೀಯ?" ಅಂದ್ರು. ನಾವಾಗ ಎಂಟು ವರ್ಷದಲ್ಲಿ ಐದನೇ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಹೆಂಡತಿಗೆ ಗೋಡೆಗೆ ಒಂದು ಮೊಳೆ ಹೊಡೆಯೋಕೂ ಓನರನ್ನ ಕೇಳಿ ಕೇಳಿ ಸಾಕಾಗಿತ್ತು. ಆ ವಾರವೇ ಸೈಟ್ ನೋಡೋಕೆ ಹೋದೆವು, ಬ್ರೋಷರ್ ಕೈಗೆ ಬಂತು.

ಮೊದಲು ಅದರ ಭಾಷೆ. ಈ ಪ್ರಕಾರದ ಬರಹಗಳಲ್ಲಿ ಎಲ್ಲವೂ ಭವಿಷ್ಯತ್ ಕಾಲದಲ್ಲಿ ನಡೆಯುತ್ತೆ. ಮೆಟ್ರೋ ಬರಲಿದೆ, ವರ್ತುಲ ರಸ್ತೆ ಬರಲಿದೆ, ಟೆಕ್ ಪಾರ್ಕ್ ಬರಲಿದೆ. ವರ್ತಮಾನದಲ್ಲಿರೋದು ಒಂದೇ ಕ್ರಿಯಾಪದ: ಈಗಲೇ ಬುಕ್ ಮಾಡಿ. ದೂರವನ್ನ ಕಿಲೋಮೀಟರಿನಲ್ಲಿ ಹೇಳೋದಿಲ್ಲ, ನಿಮಿಷದಲ್ಲಿ ಹೇಳ್ತಾರೆ. ಅದೂ ಬೆಳಗಿನ ಜಾವ ನಾಲ್ಕು ಗಂಟೆಯ ನಿಮಿಷ. ಚಿತ್ರದ ಮಕ್ಕಳು ಯಾರೂ ಅಳೋದಿಲ್ಲ, ಈಜುಕೊಳದಲ್ಲಿ ಯಾವಾಗಲೂ ನೀರಿರುತ್ತೆ.

ಇದನ್ನೆಲ್ಲ ಜಾಹೀರಾತಿನ ಗುಣ ಅಂತ ಕ್ಷಮಿಸಬಹುದು. ನನ್ನ ತಕರಾರು ಬೇರೆ. ಇಪ್ಪತ್ನಾಲ್ಕು ಪುಟದಲ್ಲಿ ದುಡ್ಡಿಗೆ ಸಂಬಂಧಿಸಿದ ಅಂಕಿಗಳು ಮೂರೇ ಮೂರು. ವಿಸ್ತೀರ್ಣ 1,200 ಚದರಡಿ. ಬೆಲೆ 80 ಲಕ್ಷ. ಹತ್ತು ವರ್ಷದಲ್ಲಿ ಡಬಲ್. ಈ ಮೂರನ್ನೂ ಒಂದೊಂದಾಗಿ ನೋಡೋಣ.

1,200 ಚದರಡಿ ಅನ್ನೋದು ಸೂಪರ್ ಬಿಲ್ಟ್ ಅಪ್. ಅಂದ್ರೆ ಲಿಫ್ಟು, ಮೆಟ್ಟಿಲು, ಲಾಬಿ, ಸೆಕ್ಯೂರಿಟಿ ಕೂತ ಜಾಗ, ಎಲ್ಲದರಲ್ಲೂ ನಿಮ್ಮ ಪಾಲು ಸೇರಿಸಿ ಬಂದ ಅಂಕಿ. ಮನೆಯ ಒಳಗೆ ಚಾಪೆ ಹಾಸಬಹುದಾದ ಜಾಗ, ಕಾರ್ಪೆಟ್ ಏರಿಯಾ, 850. ಮೊದಲನೇ ಅಂಕಿಯಿಂದ ಭಾಗಿಸಿದರೆ ಚದರಡಿಗೆ 6,667 ರೂಪಾಯಿ, ಎರಡನೆಯದರಿಂದ ಭಾಗಿಸಿದರೆ 9,412. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಅಂದ್ರೆ ಏನು ಅಂತ ಸ್ಪಷ್ಟವಾಗಿ ಹೇಳಿದೆ, ಮಾರುವವರು ಅದನ್ನ ತಿಳಿಸಲೇಬೇಕು. ತಿಳಿಸಿದ್ದರು ಕೂಡ. ಕೊನೆಯ ಪುಟದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಎರಡು ಪ್ರಾಜೆಕ್ಟ್ ಹೋಲಿಸುವಾಗ ಕಾರ್ಪೆಟ್ ಏರಿಯಾದಿಂದಲೇ ಭಾಗಿಸಿ. ಇಲ್ಲದಿದ್ರೆ ದೊಡ್ಡ ಲಾಬಿ ಇರೋ ಮನೆಯೇ ಅಗ್ಗ ಅನ್ನಿಸಿಬಿಡುತ್ತೆ.

ಎರಡನೇ ಅಂಕಿ, 80 ಲಕ್ಷ. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ಇನ್ನೊಂದು ಶೇ 0.6. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2. ಒಟ್ಟು ಶೇ 7.6, ಅಂದ್ರೆ 6.08 ಲಕ್ಷ. ಬಾಡಿಗೆಗೆ ಕೊಡುವ ಹಾಗೆ ವಾರ್ಡ್‌ರೋಬ್, ಅಡುಗೆಮನೆ, ಫ್ಯಾನು ಲೈಟು ಅಂತ ಕೈ ಬಿಗಿಹಿಡಿದರೂ 5 ಲಕ್ಷ. ಮನೆ ಕಟ್ಟಿ ಮುಗಿದಿತ್ತು, ಹಾಗಾಗಿ ಜಿಎಸ್‌ಟಿ ಇಲ್ಲ. ಇನ್ನೂ ಕಟ್ಟುತ್ತಿರೋ ಮನೆಯಾಗಿದ್ದರೆ ಶೇ 5ರಂತೆ ಇನ್ನೊಂದು 4 ಲಕ್ಷ. ಹೀಗೆ ಬ್ರೋಷರಿನ 80 ಲಕ್ಷ ನನ್ನ ಎಕ್ಸೆಲ್ ಶೀಟಿಗೆ ಬಂದಾಗ 91.08 ಲಕ್ಷ ಆಗಿತ್ತು. ಬ್ಯಾಂಕು ಕೊಡೋ ಸಾಲ 60 ಲಕ್ಷ. ಉಳಿದ 31.08 ಲಕ್ಷ ನನ್ನದು. ಒಂದು ಎಕರೆಯ ಬೆಲೆಗೆ ಹೆಚ್ಚೂಕಡಿಮೆ ಸರಿಸಮ. ಅಪ್ಪನಿಗೆ ಈ ಲೆಕ್ಕ ಹೊಳೆದಿತ್ತೋ ಏನೋ.

ಇನ್ನು ಬ್ರೋಷರಿನಲ್ಲಿ ಇಲ್ಲವೇ ಇಲ್ಲದ ಅಂಕಿ: ಬಾಡಿಗೆ. ಅದೇ ಬಿಲ್ಡಿಂಗಿನಲ್ಲಿ ಆಗಲೇ ಬಾಡಿಗೆಗಿದ್ದ ಒಬ್ಬರನ್ನ ಕೇಳಿದೆ. ತಿಂಗಳಿಗೆ 22,000, ಮೆಂಟೆನೆನ್ಸ್ ಓನರ್‌ದು. ವರ್ಷಕ್ಕೆ 2.64 ಲಕ್ಷ. ಬೆಲೆಗೆ ಹೋಲಿಸಿದರೆ ಶೇ 3.3. ಇದನ್ನೇ ತಿರುವಿ ಹಾಕಿದರೆ, ಮನೆಯ ಬೆಲೆ ಮೂವತ್ತು ವರ್ಷದ ಬಾಡಿಗೆಗೆ ಸಮ. ಇಷ್ಟಕ್ಕೇ ನಿಲ್ಲಿಸಬಾರದು. ಇದು ಒಟ್ಟು ಆದಾಯ, ಕೈಗೆ ಬರೋದು ಬೇರೆ. ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಅಂತ ಇಟ್ಟುಕೊಳ್ಳಿ, 22,000 ಹೋಯ್ತು. ಮೆಂಟೆನೆನ್ಸ್ ತಿಂಗಳಿಗೆ 4,000, ವರ್ಷಕ್ಕೆ 48,000. ಆಸ್ತಿ ತೆರಿಗೆ 10,000. ಬಣ್ಣ, ರಿಪೇರಿ, ಬ್ರೋಕರ್ ಎಲ್ಲ ಸೇರಿ 20,000. ಉಳಿದಿದ್ದು 1.64 ಲಕ್ಷ. ಭಾಗಿಸಬೇಕಾದ್ದು 80ರಿಂದ ಅಲ್ಲ, ನಾವು ನಿಜವಾಗಿ ಕೊಟ್ಟ 91.08ರಿಂದ. ಉತ್ತರ ಶೇ 1.8.

ಸಾಲದ ಬಡ್ಡಿ ಶೇ 8.5. ಎಂಟೂವರೆಗೆ ತಂದು ಒಂದೂ ಮುಕ್ಕಾಲು ಚಿಲ್ಲರೆಗೆ ಹಾಕೋದು. ನಮ್ಮೂರಲ್ಲಿ ಯಾರಾದರೂ ಹೀಗೆ ಮಾಡಿದರೆ ಅವರ ಮನೆಯವರು ಪಂಚಾಯ್ತಿ ಸೇರಿಸ್ತಿದ್ದರು.

ಇಲ್ಲಿ ಇನ್ನೊಂದು ಪುಸ್ತಕದ ಪ್ರಸ್ತಾಪ ಆಗಲೇಬೇಕು. ಸೇಲ್ಸ್ ಆಫೀಸಿನ ಗಾಜಿನ ಮೇಜಿನ ಮೇಲೆ ರಾಬರ್ಟ್ ಕಿಯೋಸಾಕಿಯ 'ರಿಚ್ ಡ್ಯಾಡ್ ಪೂರ್ ಡ್ಯಾಡ್' ಇತ್ತು. 1997ರ ಪುಸ್ತಕ, ನಮ್ಮ ಪೀಳಿಗೆಯ ಇಂಜಿನಿಯರ್‌ಗಳು ಹಾಸ್ಟೆಲ್ಲಿನಲ್ಲಿ ಕೈಯಿಂದ ಕೈಗೆ ದಾಟಿಸಿ ಓದಿದ್ದು. ನಾನೂ ಓದಿದ್ದೆ. ಓದಿ, ಅಪ್ಪನನ್ನ ಪೂರ್ ಡ್ಯಾಡ್ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದೆ ಅನ್ನೋದನ್ನ ಇಲ್ಲಿ ಒಪ್ಪಿಕೊಳ್ಳಬೇಕು.

ತಮಾಷೆ ಏನಂದ್ರೆ ಆ ಪುಸ್ತಕದ ಮೂಲ ವಾದವೇ ಆ ಆಫೀಸಿಗೆ ವಿರುದ್ಧ. ನಿಮ್ಮ ಜೇಬಿಗೆ ದುಡ್ಡು ತರೋದು ಆಸ್ತಿ, ಜೇಬಿನಿಂದ ದುಡ್ಡು ತೆಗೆಯೋದು ಹೊರೆ, ನೀವು ವಾಸ ಮಾಡೋ ಮನೆ ಕೂಡ ಆಸ್ತಿಯಲ್ಲ ಅನ್ನೋದು ಕಿಯೋಸಾಕಿಯ ಮಾತಿನ ಸಾರ. 60 ಲಕ್ಷ ಸಾಲಕ್ಕೆ ಇಪ್ಪತ್ತು ವರ್ಷದ ಇಎಂಐ ತಿಂಗಳಿಗೆ 52,069. ಖರ್ಚು ಕಳೆದು ಕೈಗೆ ಬರೋ ಬಾಡಿಗೆ ತಿಂಗಳಿಗೆ ಸುಮಾರು 13,700. ಪ್ರತಿ ತಿಂಗಳು ನನ್ನ ಜೇಬಿನಿಂದ 38,400. ಅವರದೇ ವ್ಯಾಖ್ಯೆ ಹಿಡಿದರೆ ಇದು ಹೊರೆ. ಆದರೂ ಅದೇ ಪುಸ್ತಕ ಇಟ್ಟುಕೊಂಡೇ ಇದನ್ನ ಮಾರ್ತಾರೆ.

ಪುಸ್ತಕದ ಮೇಲೆ ನನ್ನ ದೂರು ಅದರ ವ್ಯಾಖ್ಯೆಯ ಬಗ್ಗೆ ಅಲ್ಲ. ಅದು ಅಮೆರಿಕದಲ್ಲಿ ಕೂತು ಬರೆದದ್ದು. ಅಲ್ಲಿನ ಹೂಡಿಕೆದಾರರಲ್ಲಿ ಒಂದು ಕೈಲೆಕ್ಕ ಚಾಲ್ತಿಯಲ್ಲಿದೆ: ತಿಂಗಳ ಬಾಡಿಗೆ ಮನೆಯ ಬೆಲೆಯ ಶೇ 1 ಇದ್ದರೆ ಮಾತ್ರ ಮುಂದೆ ಯೋಚಿಸು. ಅಲ್ಲೂ ಈಗ ದೊಡ್ಡ ಊರುಗಳಲ್ಲಿ ಹಾಗೆ ಸಿಗೋದು ಕಷ್ಟ. ಆದರೆ ಅಳತೆಗೋಲು ಅದು. ಆ ಗೋಲಿನಿಂದ ಅಳೆದರೆ ನಾನು ನೋಡಿದ ಮನೆಗೆ ತಿಂಗಳಿಗೆ 80,000 ಬಾಡಿಗೆ ಬರಬೇಕು. ಬರೋದು 22,000. ಬಾಡಿಗೆಯಿಂದಲೇ ಸಾಲ ತೀರಿ, ಮಿಕ್ಕಿದ್ದರಲ್ಲಿ ಇನ್ನೊಂದು ಮನೆ ಕೊಳ್ಳುವ ಆ ಕಥಾನಾಯಕ ಬೆಂಗಳೂರಿಗೆ ಬಂದರೆ ಮೊದಲನೇ ಅಧ್ಯಾಯದಲ್ಲೇ ಪರ್ಸನಲ್ ಲೋನ್ ತಗೋಬೇಕಾಗುತ್ತೆ. ನಾವು ಪುಸ್ತಕದಿಂದ ಧೈರ್ಯವನ್ನಷ್ಟೇ ತಗೊಂಡ್ವಿ, ಭಾಗಾಕಾರ ಅಲ್ಲೇ ಬಿಟ್ಟು ಬಂದ್ವಿ.

ಈಗ ಮೂರನೇ ಅಂಕಿ. ಹತ್ತು ವರ್ಷದಲ್ಲಿ ಡಬಲ್. ಕೇಳೋಕೆ ಏನು ಘನವಾಗಿದೆ! 72ನ್ನ ವರ್ಷಗಳಿಂದ ಭಾಗಿಸಿ: 7.2. ಅಂದ್ರೆ ವರ್ಷಕ್ಕೆ ಶೇ 7.2 ಬೆಳವಣಿಗೆ, ಅಷ್ಟೇ. ಅಂಚೆ ಕಚೇರಿಯ ಪಿಪಿಎಫ್ 2020ರ ಏಪ್ರಿಲ್‌ನಿಂದ ಶೇ 7.1 ಕೊಡ್ತಾ ಇದೆ, ತೆರಿಗೆಯೂ ಇಲ್ಲ. ಪಿಪಿಎಫ್‌ಗೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಇದೆ, ನಿಜ. ಆದರೆ ಅದಕ್ಕೆ ಯಾರೂ ಬಂಗಾರದ ಅಕ್ಷರದ ಬ್ರೋಷರ್ ಮಾಡಿಸಿಲ್ಲ.

ಇದಕ್ಕೆ ಒಂದು ಉತ್ತರ ಯಾವಾಗಲೂ ಸಿದ್ಧ ಇರುತ್ತೆ: "ಸರ್, ನೀವು ಹಾಕೋದು ಬರೀ ಮೂವತ್ತು ಲಕ್ಷ, ಡಬಲ್ ಆಗೋದು ಎಂಬತ್ತು ಲಕ್ಷ!" ಸಾಲದ ದುಡ್ಡಿನ ಮೇಲೂ ಲಾಭ ನಮ್ಮದೇ ಅನ್ನೋದು ಇದರ ತಿರುಳು. ಮಾತಿನಲ್ಲಿ ಸತ್ಯ ಇದೆ. ಅದಕ್ಕೇ ಶೀಟಿನಲ್ಲಿ ಹಾಕಿ ನೋಡಿದೆ. ಬಾಡಿಗೆ ವರ್ಷವರ್ಷ ಶೇ 5 ಏರುತ್ತೆ, ಹತ್ತು ವರ್ಷಕ್ಕೆ ಮಾರ್ತೀನಿ, ಬ್ರೋಕರ್‌ಗೆ ಶೇ 1, ಲಾಭದ ಮೇಲೆ ಈಗಿನ ನಿಯಮದಂತೆ ಶೇ 12.5 ತೆರಿಗೆ ಕಟ್ತೀನಿ ಅಂತ ಇಟ್ಟುಕೊಂಡೆ.

ಹತ್ತು ವರ್ಷದಲ್ಲಿ ಕಟ್ಟಿದ ಇಎಂಐ ಒಟ್ಟು 62.5 ಲಕ್ಷ. ಇಷ್ಟು ಕಟ್ಟಿದ ಮೇಲೂ ಬ್ಯಾಂಕಿಗೆ ಇನ್ನೂ ಕೊಡಬೇಕಾದ್ದು 42 ಲಕ್ಷ! ಅರವತ್ತರಲ್ಲಿ ತೀರಿದ್ದು ಹದಿನೆಂಟು. ಇಎಂಐ ಲೆಕ್ಕದಲ್ಲಿ ಮೊದಲು ಬಡ್ಡಿ, ಆಮೇಲೆ ಅಸಲು ಅಂತ ಗೊತ್ತಿತ್ತು. ಆದರೂ ಈ ಅಂಕಿ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಈಗ ಮನೆ ಅಕ್ಷರಶಃ ಡಬಲ್ ಆಯ್ತು, 1.6 ಕೋಟಿಗೆ ಮಾರಿದೆ ಅನ್ನಿ. ಸಾಲ, ತೆರಿಗೆ, ಬ್ರೋಕರ್ ಕಳೆದು ಕೈಗೆ 107 ಲಕ್ಷ. ಮೊದಲು ಹಾಕಿದ 31 ಲಕ್ಷ, ತಿಂಗಳು ತಿಂಗಳು ಜೇಬಿನಿಂದ ತುಂಬಿದ ಸುಮಾರು 42 ಲಕ್ಷ, ಎರಡಕ್ಕೂ ಅವು ಹೋದ ದಿನದಿಂದ ಲೆಕ್ಕ ಹಾಕಿದರೆ ಸಿಕ್ಕ ಬಡ್ಡಿ ವರ್ಷಕ್ಕೆ ಶೇ 5.3. ಈ ಲೆಕ್ಕಕ್ಕೆ ಐಆರ್‌ಆರ್ ಅಂತಾರೆ, ಎಕ್ಸೆಲ್‌ನಲ್ಲಿ ಒಂದೇ ಫಾರ್ಮುಲಾ. ಬ್ರೋಷರ್ ಕೊಟ್ಟ ಮಾತನ್ನ ಚಾಚೂ ತಪ್ಪದೆ ಉಳಿಸಿಕೊಂಡಾಗ ಸಿಗೋ ಫಲ ಇದು.

ಬೆಲೆ ವರ್ಷಕ್ಕೆ ಶೇ 6 ಏರಿದರೆ ನನಗೆ ಸಿಗೋದು ಶೇ 3.3. ಶೇ 10 ಏರಿದರೆ ಶೇ 9.7. ಒಂದು ಸೆಲ್ ಬದಲಾಯಿಸಿದ್ದಕ್ಕೆ ಇಡೀ ಕಥೆ ಬದಲಾಗುತ್ತೆ. ಬಾಡಿಗೆಯನ್ನ ಒಂದೆರಡು ಸಾವಿರ ಆಚೀಚೆ ಮಾಡಿದರೂ, ಬಡ್ಡಿಯನ್ನ ಕಾಲು ಶೇಕಡಾ ಇಳಿಸಿದರೂ ಆಗದ ವ್ಯತ್ಯಾಸ ಆ ಒಂದು ಸೆಲ್‌ನಿಂದ ಆಗುತ್ತೆ: ವರ್ಷಕ್ಕೆ ಬೆಲೆ ಎಷ್ಟು ಏರುತ್ತೆ?

ಇಲ್ಲಿಗೆ ಬಂದಮೇಲೆ ಬ್ರೋಷರ್ ನನಗೆ ಅರ್ಥ ಆಯ್ತು. ಈ ಸೆಲ್‌ನಲ್ಲಿ ಇರಬೇಕಾದ ಅಂಕಿಯನ್ನ ಅದು ಅಂಕಿಯಾಗಿ ಬರೆಯದೆ ಚಿತ್ರಗಳಾಗಿ ಬರೆದಿದೆ. ಮೆಟ್ರೋದ ಚಿತ್ರ, ರಸ್ತೆಯ ಚಿತ್ರ, ನಗುವ ಮಗುವಿನ ಚಿತ್ರ, ಎಲ್ಲ ಸೇರಿ 'ಶೇ 10' ಅಂತ ಓದಿಕೊಳ್ಳಬೇಕು. ಅಂಕಿ ಬರೆದರೆ ಯಾರಾದರೂ ಕೇಳಬಹುದು, ಯಾಕೆ ಹತ್ತು, ಯಾಕೆ ಆರಲ್ಲ ಅಂತ. ಚಿತ್ರವನ್ನ ಯಾರೂ ಹಾಗೆ ಕೇಳೋದಿಲ್ಲ.

ಹಾಗಾದ್ರೆ ಇವತ್ತಿನ ಲೆಕ್ಕದಲ್ಲಿ ಆ ಮನೆಯ ಬೆಲೆ ಎಷ್ಟು? ಇದಕ್ಕೆ ಎಂಬಿಎ ಬೇಡ. ನಮ್ಮಲ್ಲಿ ಒಂದು ಹಳೆಯ ಪದ ಇದೆ: ಭೋಗ್ಯ. ಒಂದು ಮೊತ್ತ ಕೊಟ್ಟು ಹೊಲವನ್ನೋ ಮನೆಯನ್ನೋ ಅನುಭವಿಸೋದು, ಬಿಡುವಾಗ ಕೊಟ್ಟ ಮೊತ್ತ ವಾಪಸ್ ತಗೊಳ್ಳೋದು. ದುಡ್ಡಿಗೆ ಬಡ್ಡಿ ಇಲ್ಲ, ಮನೆಗೆ ಬಾಡಿಗೆ ಇಲ್ಲ. ಬಡ್ಡಿಯೇ ಬಾಡಿಗೆ, ಬಾಡಿಗೆಯೇ ಬಡ್ಡಿ. ಬೆಂಗಳೂರಿನಲ್ಲಿ 'ಲೀಸ್' ಅಂತ ಬೋರ್ಡ್ ನೇತುಹಾಕಿರ್ತಾರಲ್ಲ, ಅದೇ. ನಾವಿರೋ ಬೀದಿಯಲ್ಲಿ 22,000 ಬಾಡಿಗೆಯ ಮನೆಗೆ 25 ಲಕ್ಷ ಭೋಗ್ಯ ಕೇಳ್ತಾರೆ. (ಭೋಗ್ಯಕ್ಕೆ ಹೋಗಿ ಅಂತ ಹೇಳ್ತಿಲ್ಲ. ಓನರ್ ಆ ಮನೆಯನ್ನ ಬ್ಯಾಂಕಿಗೆ ಅಡವಿಟ್ಟಿದ್ದರೆ ನಿಮ್ಮ ದುಡ್ಡು ಸಿಕ್ಕಿಕೊಳ್ಳುತ್ತೆ. ಕಾಗದಪತ್ರ ನೋಡದೆ, ನೋಂದಣಿ ಮಾಡಿಸದೆ ಕೊಡಬೇಡಿ.)

ಭೋಗ್ಯದ ಮೊತ್ತ ಏನು ಹೇಳುತ್ತೆ ಅಂದ್ರೆ, ಇವತ್ತು ಆ ಮನೆಯಲ್ಲಿ ವಾಸ ಮಾಡೋ ಸುಖದ ಬೆಲೆ ಇಷ್ಟು ಅಂತ. ಬ್ಯಾಂಕಿನ ಶೇ 8.5 ಹಿಡಿದು ನಾನೇ ಲೆಕ್ಕ ಮಾಡಿದರೂ, 2.64 ಲಕ್ಷ ಬಾಡಿಗೆ ತರೋ ಅಸಲು 31 ಲಕ್ಷ. ಮನೆಯ ಬೆಲೆ 80. ಹಾಗಾದರೆ ಇವತ್ತಿನ ಮನೆಗೆ 31 ಲಕ್ಷ, ನಾಳೆಯ ಮೆಟ್ರೋಗೆ 49 ಲಕ್ಷ. ಬಾಡಿಗೆಯೂ ಮುಂದೆ ಏರುತ್ತಲ್ಲ ಅಂತ ನೀವು ಕೇಳಬಹುದು. ಸರಿ, ಏರುತ್ತೆ. ಆದರೆ ಅದೂ ನಾಳೆಯದೇ. ನಾಳೆಗೆ ದುಡ್ಡು ಕೊಡೋದು ತಪ್ಪಲ್ಲ. ಎಷ್ಟು ಕೊಡ್ತಿದ್ದೀನಿ ಅಂತ ಗೊತ್ತಿರಬೇಕು ಅಷ್ಟೆ. ನಾನು ಎಂಬತ್ತೂ ಲಕ್ಷವನ್ನ ಗೋಡೆಗೇ ಕೊಡ್ತಿದ್ದೀನಿ ಅಂದುಕೊಂಡಿದ್ದೆ.

ಇಷ್ಟು ಬರೆದು ನಿಲ್ಲಿಸಿದ್ದರೆ ಈ ಲೇಖನ ನನಗೂ ಹಿತವಾಗಿರ್ತಿತ್ತು. ನಗರದ ಬ್ರೋಷರ್ ಸುಳ್ಳು, ಹಳ್ಳಿಯ ಅಪ್ಪ ಜಾಣ, ಹೊಲವೇ ಬಂಗಾರ. ಆದರೆ ದಸರಾ ರಜೆಗೆ ಊರಿಗೆ ಹೋದಾಗ ಅದೇ ಶೀಟಿನಲ್ಲಿ ಅಪ್ಪನ ಹೊಲವನ್ನೂ ಹಾಕಿ ನೋಡಿದೆ.

ಖುಷ್ಕಿ ಎಕರೆಗೆ ಒಳ್ಳೆ ಮಳೆಯಾದರೆ 20 ಕ್ವಿಂಟಲ್ ಮೆಕ್ಕೆಜೋಳ. ಕ್ವಿಂಟಲ್‌ಗೆ 2,200 ಅಂದರೆ 44,000. ಬೀಜ, ಗೊಬ್ಬರ, ಟ್ರ್ಯಾಕ್ಟರ್, ಕಳೆ, ಕಟಾವು, ಒಕ್ಕಣೆ ಅಂತ ಅಪ್ಪ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದನ್ನ ಕೂಡಿಸಿದರೆ 22,000. ಅಪ್ಪ ಅಮ್ಮನ ಕೂಲಿ ಸೇರಿಸಿಲ್ಲ. ಉಳಿದಿದ್ದು 22,000. ಹೊಲದ ಬೆಲೆ 30 ಲಕ್ಷ. ಫಲ ಶೇ 0.73. ನನ್ನ ವೈಟ್‌ಫೀಲ್ಡಿನ ಫ್ಲ್ಯಾಟಿಗಿಂತ ಕಡೆ! ಮೂವತ್ತು ಲಕ್ಷ ಶೇ 6.5ರ ಎಫ್‌ಡಿಯಲ್ಲಿ ಇಟ್ಟರೆ ವರ್ಷಕ್ಕೆ 1.95 ಲಕ್ಷ ಬರುತ್ತೆ. ಲೆಕ್ಕ ಒಂದು ಮಾತು ಹೆಚ್ಚಿಲ್ಲದೆ ಹೇಳಿತು: ಮಾರು.

ಯಾಕೆ ಹೀಗೆ? ಅಪ್ಪನಿಗೆ ಬಂದಿರೋ ಬೆಲೆ ಜೋಳದ ಬೆಲೆ ಅಲ್ಲ. ನ್ಯಾಮತಿಯಲ್ಲೂ ಈಗ ಬ್ರೋಷರ್ ಸಿಗುತ್ತೆ. ಚಹಾದಂಗಡಿಯಲ್ಲಿ ಒಂದು ಕೈಗೆ ಬಂತು. ಇಪ್ಪತ್ನಾಲ್ಕು ಪುಟದ್ದಲ್ಲ, ಒಂದೇ ಹಾಳೆ, ಎರಡೂ ಕಡೆ ಮುದ್ರಣ. ಭಾಷೆ ಮಾತ್ರ ಅದೇ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗ ವಿಮಾನ ನಿಲ್ದಾಣದಿಂದ ಇಷ್ಟು ನಿಮಿಷ, 30×40 ಸೈಟ್ 8 ಲಕ್ಷ, ಕೆಲವೇ ಸೈಟ್‌ಗಳು ಉಳಿದಿವೆ. ಒಂದು ಎಕರೆ 43,560 ಚದರಡಿ. ರಸ್ತೆ, ಪಾರ್ಕು ಅಂತ ಹೆಚ್ಚೂಕಡಿಮೆ ಅರ್ಧ ಬಿಟ್ಟರೂ ಇಪ್ಪತ್ತು ಸೈಟ್ ಆಗುತ್ತೆ. ಇಪ್ಪತ್ತು ಎಂಟಲ 1.6 ಕೋಟಿ. ಎಕರೆಗೆ ಮೂವತ್ತು ಲಕ್ಷ ಕೇಳಿದವರು ಜೋಳ ಬೆಳೆಯೋಕೆ ಬಂದವರಲ್ಲ. ಭೂಪರಿವರ್ತನೆ, ಚರಂಡಿ, ರಸ್ತೆ, ಕರೆಂಟು, ಎಲ್ಲದರ ಖರ್ಚು ಕಳೆದೂ ಅವರಿಗೆ ಲೆಕ್ಕ ಹೊಂದುತ್ತೆ. ಮೊದಲು ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಕೃಷಿಕರಲ್ಲದವರು ಹೊಲ ಕೊಳ್ಳೋದಕ್ಕೆ ಅಡ್ಡ ಇದ್ದವು. 2020ರ ತಿದ್ದುಪಡಿ ಅವನ್ನ ತೆಗೆಯಿತು. ಈಗ ನನ್ನಂಥ ಸಂಬಳದವನೂ ಅಪ್ಪನ ಪಕ್ಕದ ಹೊಲಕ್ಕೆ ಗಿರಾಕಿ. ಬೆಲೆ ಬೆಳೆಯ ಹಿಡಿತ ಬಿಡಿಸಿಕೊಳ್ಳೋದಕ್ಕೆ ಇದೂ ಒಂದು ಕಾರಣ.

ಅಂದ್ರೆ ಹೊಲವೂ ಫ್ಲ್ಯಾಟೂ ಎರಡೂ ನಾಳೆಯ ಬೆಲೆ ಹೊತ್ತುಕೊಂಡೇ ಕೂತಿವೆ. ಹಾಗಿದ್ದಮೇಲೆ ಒಂದನ್ನ ಮಾರಿ ಇನ್ನೊಂದನ್ನ ಕೊಂಡರೆ ತಪ್ಪೇನು? ಈ ಪ್ರಶ್ನೆಯನ್ನ ಹಿಡಿದು ಎರಡು ದಿನ ಜಗಲಿ ಮೇಲೆ ಕೂತೆ. ಶೀಟಿನಲ್ಲಿ ಎರಡು ಕಾಲಂ ನಾನೇ ಬಿಟ್ಟಿದ್ದೆ ಅಂತ ಆಗ ಗೊತ್ತಾಯ್ತು.

ಒಂದು, ಸಾಲ. 2023ರಲ್ಲಿ ಮಳೆ ಕೈಕೊಟ್ಟಿತು. ಆ ವರ್ಷ ನಮ್ಮ ಜೋಳ ಮೊಣಕಾಲೆತ್ತರಕ್ಕೆ ಒಣಗಿ ನಿಂತಿತ್ತು. ಕಷ್ಟ ಆಯ್ತು, ಅಮ್ಮನ ಒಂದು ಸರ ಒತ್ತೆ ಹೋಯ್ತು. ಆದರೆ ಹೊಲದ ಮೇಲೆ ಸಾಲ ಇರಲಿಲ್ಲ, ಹಾಗಾಗಿ ಹೊಲ ಹಾಗೇ ಬಿದ್ದುಕೊಂಡು ಮುಂದಿನ ಮಳೆಗೆ ಕಾಯ್ತು. ಫ್ಲ್ಯಾಟಿಗೆ ಆ ಸೌಲಭ್ಯ ಇಲ್ಲ. ಬಾಡಿಗೆ ಬರಲಿ ಬಿಡಲಿ, ಐದನೇ ತಾರೀಖು 52,069 ಹೋಗಲೇಬೇಕು. ಸಾಲ ಇಲ್ಲದ ಆಸ್ತಿ ಶೇ 0.73 ಕೊಟ್ಟರೂ ಯಜಮಾನನನ್ನ ಮನೆಯಿಂದ ಹೊರಗೆ ಹಾಕೋದಿಲ್ಲ.

ಎರಡು, ಎಲ್ಲ ಮೊಟ್ಟೆ ಒಂದೇ ಬುಟ್ಟಿ. ನನ್ನ ಸಂಬಳ ಐಟಿಯಿಂದ. ಆ ಫ್ಲ್ಯಾಟಿನ ಬಾಡಿಗೆದಾರರೂ ಐಟಿಯವರು. ನಾಳೆ ನನ್ನಿಂದ ಕೊಳ್ಳಬೇಕಾದವರೂ ಐಟಿಯವರೇ. ಕಂಪನಿಗಳು ಜನರನ್ನ ಕಳಿಸೋಕೆ ಶುರು ಮಾಡಿದರೆ ನನ್ನ ಕೆಲಸ, ಬಾಡಿಗೆ, ಮಾರೋ ಬೆಲೆ, ಮೂರೂ ಒಂದೇ ವಾರ ಅಲ್ಲಾಡ್ತವೆ. ಇಎಂಐ ಮಾತ್ರ ಅಲ್ಲಾಡಲ್ಲ. ಸಾಫ್ಟ್‌ವೇರಿನಲ್ಲಿ ಇಂಥದ್ದಕ್ಕೆ ನಾವೇ ಒಂದು ಹೆಸರಿಟ್ಟಿದ್ದೀವಿ, ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ದಿನಾ ಬೇರೆಯವರ ಡಿಸೈನಿನಲ್ಲಿ ಅದನ್ನ ಹುಡುಕಿ ಕೆಂಪು ಗೆರೆ ಎಳೀತೀನಿ, ನನ್ನ ಮನೆ ಲೆಕ್ಕದಲ್ಲಿ ಕಂಡಿರಲಿಲ್ಲ. ನಮ್ಮ ಹೊಲಕ್ಕೂ ಐಟಿಗೂ ಸಂಬಂಧ ಇಲ್ಲ. ಅದರ ಕಷ್ಟಗಳೇ ಬೇರೆ, ಅವು ಬರೋ ಕಾಲವೇ ಬೇರೆ.

ಕೊನೆಗೆ ನಾವು ಮಾಡಿದ್ದು ಇಷ್ಟು. ಆ ಫ್ಲ್ಯಾಟ್ ಕೊಳ್ಳಲಿಲ್ಲ. ಹೊಲವನ್ನೂ ಸದ್ಯಕ್ಕೆ ಮಾರಲಿಲ್ಲ. ಸದ್ಯಕ್ಕೆ ಅಂತ ಬೇಕಂತಲೇ ಬರೆದೆ. ಅಪ್ಪನಿಗೆ ಕೈಲಾಗದ ದಿನ ಬಂದರೆ ಆ ಶೀಟನ್ನ ಮತ್ತೆ ತೆಗೀಬೇಕಾಗುತ್ತೆ, ಆಗ ಉತ್ತರ ಬೇರೆ ಬರಬಹುದು. ಸ್ವಂತ ಮನೆ ಬೇಕು ಅನ್ನೋ ನನ್ನ ಹೆಂಡತಿಯ ಮಾತು ತಪ್ಪು ಅಂತಲೂ ನನಗೆ ಅನ್ನಿಸಿಲ್ಲ. ಮೊಳೆ ಹೊಡೆಯೋ ಸ್ವಾತಂತ್ರ್ಯಕ್ಕೆ ಒಂದು ಬೆಲೆ ಇದೆ. ಆದರೆ ಅದನ್ನ ಖರ್ಚು ಅಂತ ಬರೆದುಕೊಂಡು ಕೊಡಬೇಕು, ಹೂಡಿಕೆ ಅಂತ ಅಲ್ಲ. ಹಾಗೆ ಬರೆದುಕೊಂಡ ಮೇಲೆ ನಾವು ಹುಡುಕುತ್ತಿರೋ ಮನೆ ಚಿಕ್ಕದಾಗಿದೆ, ಹಳೆಯದಾಗಿದೆ, ಆಫೀಸಿಗೆ ಹತ್ತಿರ ಬಂದಿದೆ. ಈಜುಕೊಳ ಬಿಟ್ಟುಹೋಗಿದೆ.

ನಿಮ್ಮ ಕೈಗೂ ಇಂಥ ಪುಸ್ತಕ ಬಂದಿರುತ್ತೆ. ಚಿತ್ರ ನೋಡಿ, ಪರವಾಗಿಲ್ಲ. ಆಮೇಲೆ ಒಂದು ಪೆನ್ ತಗೊಂಡು ಅದರಲ್ಲಿ ಇಲ್ಲದ ಐದು ಅಂಕಿಗಳನ್ನ ರಟ್ಟಿನ ಮೇಲೇ ಬರೀರಿ: ಕಾರ್ಪೆಟ್ ಏರಿಯಾದ ಲೆಕ್ಕದಲ್ಲಿ ಚದರಡಿ ಬೆಲೆ. ನೋಂದಣಿ ಎಲ್ಲ ಸೇರಿದ ನಿಜವಾದ ವೆಚ್ಚ. ಖರ್ಚು ಕಳೆದ ಬಾಡಿಗೆಯನ್ನ ಆ ವೆಚ್ಚದಿಂದ ಭಾಗಿಸಿದ ಶೇಕಡಾ. ಪ್ರತಿ ತಿಂಗಳು ನಿಮ್ಮ ಜೇಬಿನಿಂದ ಹೋಗೋದು. ಇವೆಲ್ಲ ಸರಿಹೋಗಬೇಕಾದರೆ ಬೆಲೆ ವರ್ಷಕ್ಕೆ ಶೇಕಡಾ ಎಷ್ಟು ಏರಬೇಕು ಅನ್ನೋದು. ಐದನೆಯದನ್ನ ಬರೆದ ಮೇಲೆ ಸೇಲ್ಸ್‌ನವರ ಕಡೆ ತಿರುಗಿಸಿ ತೋರಿಸಿ.

ಹೊರಡೋ ದಿನ ಅಪ್ಪ ಬ್ರೋಷರನ್ನ ಕೇಳಿ ಇಸ್ಕೊಂಡ್ರು. ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುವಿದರು. ಈಜುಕೊಳದ ಚಿತ್ರ ಬಂದಾಗ ನಿಂತರು. "ಚೆನ್ನಾಗೈತಪ್ಪ. ಇದಕ್ಕೆ ನೀರು ಎಲ್ಲಿಂದ ತರ್ತಾರೆ?"

ನನ್ನ ಶೀಟಿನಲ್ಲಿ ಟ್ಯಾಂಕರ್‌ಗೆ ಒಂದು ಸಾಲೂ ಇರಲಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬಕೆಟ್ ಹಿಡಿದು ಕ್ಯೂ ನಿಂತವನು ನಾನು, ಆದರೂ ಬರೆದಿರಲಿಲ್ಲ. ಅಲ್ಲಿಂದಲೇ ಸೇಲ್ಸ್‌ನವರಿಗೆ ಫೋನ್ ಮಾಡಿದೆ. "ಕಾವೇರಿ ಬರಲಿದೆ ಸರ್" ಅಂದ್ರು.

ಅಪ್ಪ ಬ್ರೋಷರ್ ಮಡಚಿ ವಾಪಸ್ ಕೊಟ್ಟು, ಮೋಟರ್ ಆನ್ ಮಾಡೋಕೆ ತೋಟದ ಕಡೆ ಹೋದರು. ಮೂರು ಫೇಸ್ ಕರೆಂಟ್ ಬರೋ ಹೊತ್ತಾಗಿತ್ತು.